ಎಡಗೈಯಲ್ಲಿ ಕೊಂಬು

ಶನಿವಾರ ಎರಡಕ್ಕೆ ಕ್ಯೂರಿಂಗ್ ವರ್ಕ್ಸಿನ ಸೈರನ್.
ಕಾಫಿ ಸಿಪ್ಪೆಯ ಧೂಳು ಉಗುರಿನ ಸಂದಿಂದ ತೊಳೆದು
ವಿರಾಜಪೇಟೆಯ ಗಡಿಯಾರ ಕಂಬ ದಾಟಿ ಹೋಗುತ್ತೇನೆ,
ಸುಬೇದಾರ್ ಬೆಳ್ಯಪ್ಪನವರ ಮನೆಗೆ.
ನಲವತ್ತೊಂದಕ್ಕೆ ಪಿಯಾನೋ ಪಾಠ!
ಬೀಜ ಆರಿಸುವ ಹೆಂಗಸರು ನಗುತ್ತಾರೆ.
ಎಂಟು ವರ್ಷದಿಂದ ನಗುತ್ತಲೇ ಇದ್ದಾರೆ.

ಪೊಲಿಬೆಟ್ಟದ ಯಾವನೋ ದೊರೆ ಬಿಟ್ಟುಹೋದ ಪಿಯಾನೋ,
ಎಂಬತ್ತೆಂಟು ಮನೆ.
ಹೊಟ್ಟೆಯೊಳಗೆ ಸಣ್ಣ ಬಲ್ಬು ಹಗಲಿರುಳೂ ಉರಿಯುತ್ತದೆ,
ಥಂಡಿ ಹಿಡಿಯದಿರಲೆಂದು,
ಕೋಳಿಮರಿಗಳಿಗೆ ಇಟ್ಟ ಹಾಗೆ.

ಈ ಸಲ ಕೊಟ್ಟದ್ದು ಸ್ಪೇನಿನ ಹಾಳೆ, ನಾಲ್ಕು ಪುಟ.
ಬಲಗೈಯಲ್ಲಿ ಗಿಟಾರು: ಮೀಟಿ, ಮೀಟಿ,
ಸಟ್ಟನೆ ಅಂಗೈಯಿಟ್ಟು ತಡೆದಂತೆ.
ಬಿಸಿಲು, ಸುಣ್ಣದ ಗೋಡೆ, ಕಿತ್ತಳೆ ಮರ.
ಕಿತ್ತಳೆ ನನಗೆ ಗೊತ್ತು.
ನಮ್ಮದರ ಸಿಪ್ಪೆ ಸಡಿಲ;
ಅಲ್ಲಿಯದು ಬಿಗಿಯಂತೆ, ಕಹಿಯಂತೆ.

ಮೂರನೆಯ ಪುಟದಲ್ಲಿ ಎಡಗೈ ಬೇರೆ ಯಾರದೋ ಆಯಿತು.
ಕೆಳಗೆ, ತೀರಾ ಕೆಳಗೆ, ನಾಲ್ಕು ಸ್ವರ ಒಟ್ಟಿಗೆ ಎದ್ದು
ಮನೆ ಸೇರಬೇಕಾದವು ಸೇರುವುದಿಲ್ಲ.
ಹೊಸ್ತಿಲ ತನಕ ಬಂದು
ತಾವೇ ಇನ್ನೊಂದು ಹೊಸ್ತಿಲಾಗುತ್ತವೆ.
“ತಪ್ಪು ನುಡಿಸಿದೆನಾ?”
“ಇಲ್ಲ ಚೋಮಿ. ಅಲ್ಲಿ ಜರ್ಮನ್ ಬಂದ.”

ರೆಜಿಮೆಂಟಿನ ಬ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ
ಹಾರ್ನ್ ಊದಿದವರು ಅವರು.
ಹಗಲು ಪರೇಡಿನ ಮಾರ್ಚು. ರಾತ್ರಿ ಬ್ಯಾರಕ್ಕಿನ ಹಿಂದೆ
ಬ್ಯಾಂಡ್ ಮಾಸ್ಟರ್ ಒಪೆರಾದ ತುಂಡುಗಳನ್ನು ಊದಿಸುತ್ತಿದ್ದರಂತೆ:
ಐದು ಗಂಟೆಯ ಆಟ, ದೇವರುಗಳ ಆಸ್ತಿ ಜಗಳ,
ಒಬ್ಬಳು ಸಾಯುವುದಕ್ಕೇ ಕಾಲು ಗಂಟೆ.
“ಅರ್ಥ ಯಾರಿಗೆ ಬೇಕಿತ್ತು? ಹಾರ್ನಿಗೆ ಕೆಲಸವಿತ್ತು.”

ಆಮೇಲೊಂದು ಕತೆ. ನಿಜವೋ ಸುಳ್ಳೋ ಅವರಿಗೂ ಗೊತ್ತಿಲ್ಲ.
ಸ್ಪೇನಿನ ಹುಡುಗನೊಬ್ಬ ಎರಡು ದಿನ ರೈಲಿನಲ್ಲಿ ಹೋಗಿ
ಅಗ್ಗದ ಟಿಕೇಟಿನಲ್ಲಿ ನಿಂತೇ ಆ ಆಟ ಕೇಳಿ
ಊರಿಗೆ ಬಂದು ಹಳೆಯ ಕುಣಿತದ ಮಟ್ಟನ್ನೇ ನುಡಿಸಿದ.
ಬಲಗೈ ಕುಣಿಯಿತು.
ಎಡಗೈ ಹಿತ್ತಲ ಬಾಗಿಲಲ್ಲಿ ಯಾರಿಗೋ ಕಾಯುತ್ತ ನಿಂತಿತು.
ಒಳಗಿನಿಂದ ಅಪ್ಪ ಕೇಳಿದನಂತೆ:
“ಯಾರೋ ಬಂದಿದ್ದಾರಲ್ಲೋ, ಯಾರದು?”

ನನ್ನಪ್ಪ ಕೊಂಬು ಊದುವವನು.
ಮದುವೆಗಳಲ್ಲಿ ಅವನ ಜಾಗ ಅಂಗಳದ ಅಂಚು.
ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಆಕಾಶಕ್ಕೆ ಬಾಗಿದ ಹಿತ್ತಾಳೆ.
ಅವನನ್ನು ಒಳಗೆ ಕರೆದವರಿಲ್ಲ.
ಅವನ ಸ್ವರ ಮಾತ್ರ ಕೇಳದೆಯೇ ಒಳಗೆ ಹೋಗಿ
ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಬತ್ತಿ ಮುಟ್ಟಿ ಬರುತ್ತಿತ್ತು.
ನಾನು ಬೇಲಿಯಾಚೆ ಅವನ ಚಪ್ಪಲಿ ಕಾಯುತ್ತಿದ್ದೆ.

ಇದನ್ನೆಲ್ಲ ಹೇಳಲಿಲ್ಲ. ಮತ್ತೆ ನುಡಿಸಿದೆ.
ಜರ್ಮನ್ ಬಂದ. ಅವನ ಹಿಂದೆ, ಅದೇ ಕಂದು ಗಂಟಲು,
ಇನ್ನೊಬ್ಬನೂ ಬಂದ.

ಸುಬೇದಾರರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.
“ನನ್ನ ಮದುವೆಗೆ ಊದಿದ್ದು ನಿಮ್ಮಪ್ಪನೇ,” ಎಂದರು.
ಸ್ವಲ್ಪ ಹೊತ್ತು ಬಿಟ್ಟು,
“ಊಟ ಹೊರಗೇ ಕೊಟ್ಟೆವು.”

ಏನು ಹೇಳಲಿ? ಪುಟ ತಿರುವಿದೆ.
ಕೊನೆಯ ಸಾಲಿನಲ್ಲಿ ಆ ಸ್ವರಕ್ಕೆ ಮನೆ ಸಿಗುತ್ತದೆ,
ಹಾಳೆಯಲ್ಲಿ ಹಾಗೆಂದು ಬರೆದಿದೆ.
ಆದರೆ ಆ ಒಂದು ಬಿಳಿ ಮನೆ ಉಬ್ಬಿ ಸಿಕ್ಕಿಕೊಂಡಿದೆ,
ಒತ್ತಿದರೆ ಮರದ ಸದ್ದು, ಟಕ್ ಎಂದು.

ಮುಂದಿನ ಶನಿವಾರ ಉಪ್ಪುಕಾಗದ ತರುತ್ತಾರಂತೆ.
ಉಜ್ಜಿದರೆ ತೆರೆಯಬಹುದು ಎನ್ನುತ್ತಾರೆ.