ಮೆಣಸಿನ ಮಂಡಿಯ ಮೇಲಿನ ಮನೆ

ನಮ್ಮ ಮನೆಗೆ ಮೊದಲ ಸಲ ಬರುವವರು
ಸೀನಿಕೊಂಡೇ ಮೆಟ್ಟಿಲು ಹತ್ತಬೇಕು.
ಕೆಳಗೆ ಇದ್ದಿನಬ್ಬರ ಒಣಮೆಣಸಿನ ಮಂಡಿ,
ಮೇಲೆ ನಾನು, ನನ್ನ ಹೊಲಿಗೆ ಮೆಷಿನು,
ನಡುವೆ ಹಲಗೆ. ಹಲಗೆಯ ಸಂದಿನಿಂದ
ಘಾಟು ಎದ್ದು ಬಂದು ಚಾಪೆಯಲ್ಲಿ ಮಲಗುತ್ತದೆ.
ಎರಡನೆಯ ಸಲಕ್ಕೆ ಮೂಗು ಪಳಗೀತು.
ಮೂವತ್ತೊಂದು ವರ್ಷಕ್ಕೆ, ಮಾರಾಯ್ರೆ,
ಮೂಗೇ ಮಂಡಿಯ ಗುಮಾಸ್ತ:
ಬ್ಯಾಡಗಿ ಬಂತೋ, ಗುಂಟೂರು ಬಂತೋ
ಕಣ್ಣು ಮುಚ್ಚಿಯೇ ಲೆಕ್ಕ ಬರೆಯುತ್ತದೆ.

ಆದಿತ್ಯವಾರ ಬೆಳಿಗ್ಗೆ ಕ್ಯಾಮರಾದವರು ಬರುತ್ತಾರೆ.
ಟೋಪಿ, ನೀರಿನ ಬಾಟಲಿ,
ಮುಂದೊಬ್ಬ ಹುಡುಗ ಕೈ ಎತ್ತಿ ತೋರಿಸುತ್ತಾನೆ:
ನೋಡಿ ಈ ಮರದ ಜಗುಲಿ, ಈ ಕೆತ್ತನೆ,
ಬಂದರಿನ ಹಳೇ ಕಟ್ಟಡ, ಇನ್ನೂರು ವರ್ಷ.
(ಹೋದ ತಿಂಗಳು ನೂರೈವತ್ತು ಅಂದಿದ್ದ.)
ಎಲ್ಲರೂ ಒಟ್ಟಿಗೆ ಕತ್ತು ಎತ್ತುತ್ತಾರೆ.
ಕೆತ್ತನೆಗೆ ಅಡ್ಡ ನನ್ನ ಲಂಗ ಒಣಗುತ್ತಾ ಉಂಟು.
ತೆಗೆಯಲೇ ಅಂತ ಒಂದು ಗಳಿಗೆ ಕೈ ಹೋಗುತ್ತದೆ.
ತೆಗೆಯುವುದಿಲ್ಲ.
ಅದಕ್ಕೂ ಹದಿನೈದು ವರ್ಷ.

ಪಾರ್ಸೆಲ್ ಹುಡುಗನ ಫೋನಿನಲ್ಲಿ ಮಾತ್ರ
ನಮ್ಮ ಮನೆ ಫಲ್ಗುಣಿ ಹೊಳೆಯ ಮಧ್ಯೆ ಉಂಟು.
"ವಾರಿಜಕ್ಕಾ, ನೀವು ನೀರಿನಲ್ಲಿದ್ದೀರಿ"
ಅಂತ ದಕ್ಕೆಯಲ್ಲಿ ನಿಂತು ಕೂಗುತ್ತಾನೆ.
ಮೂಗು ಹಿಡಿದು ಬಾ ಅನ್ನುತ್ತೇನೆ.

ಮೆಟ್ಟಿಲು ಹದಿನೇಳು. ಒಂಬತ್ತನೆಯದು ಸುಳ್ಳು,
ಕಾಲಿಟ್ಟರೆ ಕೆಳಗೆ ಹೋಗಿ ವಾಪಸು ಬರುತ್ತದೆ.
ಅಲ್ಲೇ ತಿರುವು. ಫ್ರಿಜ್ಜು ಅಲ್ಲೇ ಸಿಕ್ಕಿಕೊಂಡು
ಅಂಗಡಿ ಹುಡುಗರು ಕೈಚೆಲ್ಲಿದರು.
ದಕ್ಕೆಯಿಂದ ಹಮಾಲಿಗಳು ಬಂದರು,
ಲಕ್ಷದ್ವೀಪದ ಮಂಜಿಗೆ ಸರಕು ತುಂಬುವ ಹಗ್ಗದಲ್ಲಿ
ಬೀದಿಯಿಂದ ಎಳೆದರು, ಐಸಾ, ಐಸಾ.
ಓಣಿಯ ನಡುವೆ, ಗಾಳಿಯಲ್ಲಿ,
ಬಿಳಿ ಫ್ರಿಜ್ಜು ಮೆಲ್ಲ ತಿರುಗುತ್ತಾ ನಿಂತಿತು.
ಬಾಗಿಲು ಒಮ್ಮೆ ತೆರೆದು ಮುಚ್ಚಿಕೊಂಡಿತು.
ಅವತ್ತು ಯಾರೂ ಕ್ಯಾಮರಾ ತಂದಿರಲಿಲ್ಲ.

ಹಾಗೆ ಮೇಲೆ ಬಂದದ್ದು ಫ್ರಿಜ್ಜು.
ಕೆಳಗೆ ಇಳಿಸಬೇಕಾದದ್ದು ಆಚೆ ಕೋಣೆಯ
ಬೆನೆದಿಕ್ತಾ ಬಾಯಿಯನ್ನು.
ಪೆಟ್ಟಿಗೆ ಆ ತಿರುವಿನಲ್ಲಿ ಹೊರಳಲಿಲ್ಲ.
ಫಾದರ್ ಬೀದಿಯಲ್ಲಿ ಕಾದರು.
ಹಗ್ಗ ಅಂತ ಯಾರೋ ಅಂದ,
ಅಂದವನೇ ನಾಲಿಗೆ ಕಚ್ಚಿಕೊಂಡ.
ಇದ್ದಿನಬ್ಬರು ತಮ್ಮ ಗಲ್ಲಾದ ಕುರ್ಚಿ ಕೊಟ್ಟರು,
ಕೈ ಇರುವ ಕುರ್ಚಿ.
ಬಾಯಿಯನ್ನು ಕೂರಿಸಿ, ನನ್ನ ಹಳದಿ ಸೀರೆಯಲ್ಲಿ ಕಟ್ಟಿ
ನಾಲ್ಕು ಜನ ಇಳಿಸಿದರು.
ಒಂಬತ್ತನೆಯ ಮೆಟ್ಟಿಲಲ್ಲಿ ಅವರ ತಲೆ
ಒಮ್ಮೆ ಹೌದು ಅಂತ ಆಡಿತು.
ಕೆಳಗೆ ಹೊಸ ಲೋಡು, ಗೋಣಿ ಬಾಯಿ ಬಿಚ್ಚಿತ್ತು.
ಎಲ್ಲರ ಕಣ್ಣಲ್ಲೂ ನೀರು.
ದುಃಖ ಎಷ್ಟು, ಗುಂಟೂರು ಎಷ್ಟು,
ತೂಕಕ್ಕೆ ಹಾಕಿ ನೋಡುವವರು ಯಾರು?

ಕುರ್ಚಿ ಮರುದಿನ ಗಲ್ಲಾಕ್ಕೆ ಹೋಯಿತು.
ಸೀರೆ ನಾನು ಈಗಲೂ ಉಡುತ್ತೇನೆ.

ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು.
ಹನ್ನೊಂದಕ್ಕೆ ಗೋಡೆಯಿಂದ ಹೊರಟ ಬಿಸಿಲ ತುಂಡು
ಹನ್ನೊಂದೂವರೆಗೆ ಸೂಜಿಯ ಕಣ್ಣಿಗೆ ಬರುತ್ತಿತ್ತು.
ನೂಲು ಪೋಣಿಸುವುದೆಲ್ಲ ಆ ಹೊತ್ತಿಗೆ.
ಮೂಡಣ ಬದಿಯ ಗೋದಾಮು ಕೆಡವಿ
ಐದು ಮಾಳಿಗೆ ಎಬ್ಬಿಸಿದರು.
ಮಳೆಗಾಲ ಮುಗಿಯಿತು, ಬಿಸಿಲು ಇಳಿಯಲಿಲ್ಲ.
ಎರಡು ತಿಂಗಳು ಬೆರಳು ಚುಚ್ಚಿಕೊಂಡೆ,
ಬಾಯಿಗೆ ಬಂದದ್ದೆಲ್ಲ ಬೈದೆ, ತುಳುವಿನಲ್ಲಿ,
ಬೈಗುಳಕ್ಕೆ ಅದೇ ಒಳ್ಳೆಯದು.
ಆಮೇಲೆ ಅದರ ಮೈಗೆಲ್ಲ ಗಾಜು ಹಾಕಿದರು.
ಈಗ ಸಂಜೆ ನಾಲ್ಕಕ್ಕೆ
ಮೂಡಣ ಕಿಟಕಿಯಲ್ಲಿ ಪಡುವಣದ ಬಿಸಿಲು
ದಾರಿ ತಪ್ಪಿದ ನೆಂಟನ ಹಾಗೆ
ಬಂದು ಕೂರುತ್ತದೆ. ಸ್ವಲ್ಪ ನೀಲಿ.
ಕಪ್ಪು ನೂಲು ಯಾವುದು, ಕಡುನೀಲಿ ಯಾವುದು
ಎರಡೆರಡು ಸಲ ನೋಡಬೇಕು.

ಗಿರಾಕಿಗಳಿಗೆ ಹೇಳಿದ್ದೇನೆ,
ಅಂಗಿಗೆ ಗುಬ್ಬಿ ಹಾಕಿಸುವುದಾದರೆ
ಇನ್ನು ನಾಲ್ಕರ ಮೇಲೆ ಬನ್ನಿ.