ಎರಡು ಬೆರಳು ಹೆಚ್ಚು

ಸೆಪ್ಟೆಂಬರ್ ಮುಗಿಯುವುದರೊಳಗೆ ಪೆಟ್ಟಿಗೆ ತೆರೆಯಬೇಕು.
ಉಲಾನ್‌ಬಾತರಿನ ಈ ದಿಬ್ಬದಲ್ಲಿ
ಚಳಿ ಬಾಗಿಲು ತಟ್ಟಿ ಬರುವುದಿಲ್ಲ,
ಒಂದು ಬೆಳಿಗ್ಗೆ ನೋಡಿದರೆ
ಬಕೆಟ್ಟಿನ ನೀರೊಳಗೆ ಕೂತಿರುತ್ತದೆ.

ಗುಡಾರದ ನೆಲದ ಮೇಲೆ ಹಾಸಿದ್ದೇನೆ ಎಲ್ಲವನ್ನೂ,
ತೋಳಿಗೆ ತೋಳು, ಕಾಲಿಗೆ ಕಾಲು ಕೂಡಿಸಿ,
ಮೂವರು ಮಕ್ಕಳು ಮಲಗಿದ್ದು ಈಗ ಎದ್ದುಹೋದ ಹಾಗೆ.
ಎನೆರೆಲ್. ತುಗುಲ್ದುರ್. ಕಿರಿಯವಳು ಸೊಲೊಂಗೊ.

ನನ್ನ ಲೆಕ್ಕ ದೊಡ್ಡದಲ್ಲ.
ಒಂದು ಮೈಮೇಲೆ, ಒಂದು ಒಲೆಯ ಮೇಲಿನ ಹಗ್ಗದಲ್ಲಿ;
ಮೂರನೆಯದು ಉಳಿದರೆ ಅದು ಇನ್ನೊಬ್ಬರದು.
ಒಳಗೆ ಹತ್ತಿ, ನಡುವೆ ಉಣ್ಣೆ,
ಹೊರಗೆ ಗಾಳಿಗೆ ಬಗ್ಗದ್ದು ಏನಾದರೂ ಸರಿ.
ಒಂಟೆಯುಣ್ಣೆಯ ಕಾಲುಚೀಲ ಎಲ್ಲರದೂ ಒಂದೇ ಬೂದು,
ಒಂದು ಕಳೆದರೆ ಇನ್ನೊಂದು
ಒಂಟಿಯಾಗಬಾರದು ನೋಡಿ.

ಒಂಬತ್ತು ದಿನದ ಚಳಿ ಒಂಬತ್ತು ನಮಗೆ.
ಮೊದಲ ಒಂಬತ್ತರಲ್ಲಿ ಹಾಲಿನ ಸಾರಾಯಿ ಹೆಪ್ಪುಗಟ್ಟುತ್ತದೆ,
ಮೂರನೆಯದರಲ್ಲಿ ಮೂರು ವರ್ಷದ ಹೋರಿಯ ಕೊಂಬು.
ಅಜ್ಜಿ ಇದನ್ನು ದನಕ್ಕಾಗಿ ಎಣಿಸುತ್ತಿದ್ದಳು,
ನಾನು ಬಟ್ಟೆಗೆ ಎಣಿಸುತ್ತೇನೆ:
ಮೂರನೆಯ ಒಂಬತ್ತಿಗೆ ಕುರಿತೊಗಲಿನ ದೇಲ್ ಅಂಗಿ,
ಎಷ್ಟು ಅತ್ತರೂ ಅದಕ್ಕೆ ಮೊದಲು ಇಲ್ಲ,
ಮೊದಲೇ ಕೊಟ್ಟರೆ ಆಮೇಲೆ ಕೊಡಲು ಏನಿದೆ?
ಎಂಟನೆಯದರಲ್ಲಿ ನೆಲ ಒದ್ದೆ. ಆಗ ರಬ್ಬರ್ ಬೂಟು.

ಇನ್ನು ಆ ಬಿಳಿ ಪೊಟ್ಟಣ.
ತಂಗಿ ಅಲ್ತನ್‌ಜುಲ್ ಕಳಿಸಿದ್ದು, ಕೊರಿಯಾದಿಂದ,
ಹೋಟೆಲುಗಳ ಹಾಸಿಗೆಬಟ್ಟೆ ಒಗೆಯುವ ಕಾರ್ಖಾನೆಯಿಂದ.
ಆ ದೇಶಕ್ಕೆ ನಾವು ಸೊಲೊಂಗೊಸ್ ಎನ್ನುತ್ತೇವೆ.
ಮಗಳ ಹೆಸರಿಗೂ ತಾಯಿ ಹೋದ ನಾಡಿಗೂ
ಕೊನೆಯ ಒಂದು ಸದ್ದಿನ ಅಂತರ.

ಅಳತೆ ಫೋನಿನಲ್ಲಿ ಹೇಳಿರುತ್ತೇನೆ.
ಬರೆದುಕೊಂಡೆ ಅಕ್ಕಾ, ಎನ್ನುತ್ತಾಳೆ.
ಅಂಗಡಿಗೆ ಹೋದಾಗ ಮಾತ್ರ ಅವಳ ಕೈ
ವಿಮಾನ ನಿಲ್ದಾಣದ ಆ ಬೆಳಗಿನ ಅಳತೆಗೇ ಹೋಗುತ್ತದೆ.
ಎನೆರೆಲ್‌ಗೆಂದು ಬಂದದ್ದು ತುಗುಲ್ದುರ್‌ಗೆ ಸರಿ,
ತುಗುಲ್ದುರ್‌ಗೆಂದು ಬಂದದ್ದು ಸೊಲೊಂಗೊಗೆ,
ಸೊಲೊಂಗೊಗೆಂದು ಬಂದದ್ದು ಪಕ್ಕದ ಗುಡಾರದ ಕೂಸಿಗೆ.

ಈ ಸಲ ಎನೆರೆಲ್ ತೊಟ್ಟು ನೋಡಿದಳು.
ಮಣಿಕಟ್ಟು ಪೂರ್ತಿ ಹೊರಗೆ.
ಬಿಗಿಯಿಲ್ಲ, ಎಂದಳು.
ಉಸಿರು ಹಿಡಿದು ಜಿಪ್ಪೆಳೆದು,
ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು
ಫೋಟೊ ತೆಗೆಸಿಕೊಂಡಳು.
ಅದು ಅಮ್ಮನಿಗೆ ಹೋಗಿದೆ ಎಂದು ಖಾತ್ರಿಯಾದ ಮೇಲೆ
ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ,
ತಮ್ಮನ ರಾಶಿಯ ಮೇಲಿಟ್ಟಳು.

ಆಗ ಹೊಳೆಯಿತು ನನಗೆ, ಈ ರಾಶಿಗಳ ನಡುವೆ ಕೂತು:
ಕೊನೆಗೆ ಎಲ್ಲವೂ ಇಳಿದು ಬರುವುದು ಸೊಲೊಂಗೊಳ ಮೈಗೇ.
ತಾಯಿಯ ಮುಖ ನೆನಪಿಲ್ಲದವಳು
ತಾಯಿ ಕೊಂಡದ್ದನ್ನೇ ಎಲ್ಲ ತೊಟ್ಟು ತಿರುಗುತ್ತಾಳೆ,
ಮೂರು ಮಕ್ಕಳಿಗೆಂದು ಬಂದ ಬೆಚ್ಚಗನ್ನು ಒಬ್ಬಳೇ.

ಇಂದು ರಾತ್ರಿ ಫೋನು ಮಾಡಲಿಲ್ಲ. ದಾರದುಂಡೆ ತೆಗೆದೆ.
ನಿದ್ದೆಹೋದವರ ತೋಳು ಮೆಲ್ಲಗೆ ನೀಡಿಸಿ
ಹೆಗಲಿಂದ ಮಣಿಕಟ್ಟಿಗೆ ದಾರ ಹಿಡಿದೆ.
ಎನೆರೆಲ್‌ಗೆ ಒಂದು ಗಂಟು, ತುಗುಲ್ದುರ್‌ಗೆ ಎರಡು, ಸೊಲೊಂಗೊಗೆ ಮೂರು.
ಅಂಕಿಯನ್ನು ಮರೆಯಬಹುದು, ದಾರವನ್ನು ಹೇಗೆ ಮರೆಯುತ್ತಾಳೆ,
ಅಂಗಡಿಯಲ್ಲಿ ಎರಡೂ ಕೈಯಿಂದ ಎಳೆದು ಹಿಡಿಯಲೇಬೇಕು.
ಕತ್ತರಿ ಹಾಕುವಾಗ ಎಲ್ಲದರಲ್ಲೂ ಎರಡು ಬೆರಳು ಹೆಚ್ಚು ಬಿಟ್ಟೆ:
ಕಾಗದ ಅಲ್ಲಿಗೆ ತಲುಪಿ, ಸಂಬಳ ಬಂದು,
ಜಾಕೆಟ್ಟು ಇಲ್ಲಿಗೆ ಬರುವಷ್ಟರಲ್ಲಿ
ಇವರು ನಿಂತಿರುತ್ತಾರೆಯೇ?

ಲಕೋಟೆ ಅಂಟಿಸಿದ ಮೇಲೆ ನೆನಪಾಯಿತು:
ತುಗುಲ್ದುರ್‌ನ ಟೋಪಿ. ತಲೆಯ ಸುತ್ತಳತೆ ತೆಗೆದೇ ಇಲ್ಲ.
ಹೊದಿಕೆ ಎಳೆದುಕೊಂಡು ಮಗ್ಗುಲಾಗಿದ್ದಾನೆ ಆಗಲೇ,
ಒಂದು ಕಿವಿ ಮಾತ್ರ ಹೊರಗೆ.