ಎಡಗಡೆಯ ಇಂಜಿನ್ನು

ಪುಟ್ಟಹೊನ್ನಮ್ಮನ ರಾಗಿ ಬೀಳುತ್ತಿರುವಾಗ
ಕಲ್ಲಿನ ಸದ್ದು ಒಂದು ಮಾತ್ರೆ ತಪ್ಪಿತು.
ಕೈ ತಾನಾಗಿ ಹೋಗಿ ಬೇರಿಂಗ್ ಮುಟ್ಟಿತು.
ಬಿಸಿಯಿಲ್ಲ. ಆದರೂ ಪಟ್ಟಿ ಇಳಿಸಿದೆ.
ಏನಾಯ್ತಣ್ಣ, ಅಂದಳು.
ಏನಿಲ್ಲ ತಾಯಿ, ಎಡಗಡೆ ಇಂಜಿನ್ನು, ಅಂದುಬಿಟ್ಟೆ.
ಅರಸೀಕೆರೆ ರೈಲ್ವೆ ಗೇಟಿನ ಪಕ್ಕದ ಈ ಗಿರಣಿಗೆ
ಇರುವುದೊಂದೇ ಮೋಟಾರು.

ಎರಡಿದ್ದದ್ದು ನಲವತ್ತೇಳಕ್ಕೆ.
ಹೆಸರೂ ಇತ್ತು ಆ ಕಾವಲು ದೋಣಿಗೆ, ಕಾಗದದ ಮೇಲೆ;
ನಾವು ಕರೆದದ್ದು ಮೈಮೇಲೆ ಬರೆದ ಅಂಕಿಯಿಂದ.
ಬಲದ ಇಂಜಿನ್ನು ಸೊಸೆ, ಎಡದ್ದು ಅತ್ತೆ:
ಮಲಗಿದರೆ ಏಳುವುದಿಲ್ಲ, ಎದ್ದರೆ ಮಲಗುವುದಿಲ್ಲ.
ಒಂಬತ್ತು ವರ್ಷ ಇಬ್ಬರ ನಡುವೆ ಬಗ್ಗಿ ನಡೆದೆ.
ಜೊತೆಯವರಿಗೆ ನಾನು ಬರೀ 'ಕೆರೆ';
ಊರಿನ ಹೆಸರು ಅವರ ಬಾಯಿಗೆ ಉದ್ದ.
ಕಡಲ ಮೇಲೊಂದು ಕೆರೆ,
ಕೆರೆಯ ಕೈಯಲ್ಲೊಂದು ಸ್ಪ್ಯಾನರು.

ಸಮುದ್ರ ಹೆಂಗಿರುತ್ತೆ ಅಂತ ಕೇಳುತ್ತಾರೆ
ಕೊಬ್ಬರಿ ಹರಾಜು ಮುಗಿಸಿ ಬಂದವರು, ಬೀಡಿ ಹಚ್ಚುತ್ತ.
ನನಗೇನು ಗೊತ್ತು?
ಇಂಜಿನ್ ಕೋಣೆಗೆ ಕಿಟಕಿಯಿಲ್ಲ.
ಅಲೆ ಅಂದರೆ ನನಗೆ ಮೊಣಕಾಲು.
ಬಿರುಗಾಳಿ ಅಂದರೆ ತಳದಲ್ಲಿ ಅತ್ತಿತ್ತ ತುಳುಕುವ ಎಣ್ಣೆನೀರು.
ಶತ್ರು ಅಂದರೆ ಮೇಲಿನಿಂದ ಗಂಟೆ, ಎರಡು ಸಲ,
ಆಮೇಲೆ ಅತ್ತೆಯ ಕಾಲು ಹಿಡಿಯುವುದು.

ಉಳಿದದ್ದೆಲ್ಲ ಮೇಲಿದ್ದವರು ಹೇಳಿದ್ದು.
ಅವಳನ್ನು ನೀರಿಗೆ ಇಳಿಸಿದ ದಿನ
ಯಾರೋ ದೊಡ್ಡವರ ಹೆಂಡತಿ ಕಾಯಿ ಒಡೆದರಂತೆ,
ಮೊದಲ ಏಟಿಗೆ ಒಡೆಯಲಿಲ್ಲವಂತೆ.
ನಮ್ಮ ಕಡೆಯ ಕಾಯಿ ಇರಬೇಕು.
ಓಖಾದಲ್ಲಿ ಆರು ವರ್ಷ, ಕವರತ್ತಿಯಲ್ಲಿ ಎರಡು,
ಮಿಕ್ಕದ್ದೆಲ್ಲ ಕಾರವಾರ.
ಯುದ್ಧ ಕಾಣಲಿಲ್ಲ.
ಫಿರಂಗಿಗೆ ಬಣ್ಣ ಬಳಿದದ್ದಕ್ಕೆ ಲೆಕ್ಕವಿಲ್ಲ,
ಹಾರಿಸಿದ್ದು ಒಂದು ಸಲ, ಆಕಾಶಕ್ಕೆ;
ಹೆದರಿ ನಿಂತ ಹಡಗಿನ ತುಂಬ ಖರ್ಜೂರ,
ರಸೀದಿ ಸಮೇತ.

ಒಂದು ಜೂನ್ ರಾತ್ರಿ ಮಾತ್ರ
ಒಂಬತ್ತು ಜನ ಬೆಸ್ತರನ್ನೂ ಒಂದು ರೇಡಿಯೋವನ್ನೂ
ಮುಳುಗುವ ದೋಣಿಯಿಂದ ಎಳೆದುಕೊಂಡಳು.
ಬೆಚ್ಚಗಾಗಲಿ ಎಂದು ನನ್ನಲ್ಲಿಗೆ ಇಳಿಸಿದರು.
ಅವರಲ್ಲೊಬ್ಬ ಹುಡುಗ, ಮೀಸೆ ಇನ್ನೂ ಬರಬೇಕು,
ಅತ್ತೆಗೆ ಬೆನ್ನು ಕೊಟ್ಟು ಕೂತವನು
ಕೂತಲ್ಲೇ ನಿದ್ದೆ ಹೋದ, ಆ ಗದ್ದಲದಲ್ಲಿ.
ಅವನ ಕೂದಲಿಂದ ಒಂದು ಹನಿ ಕೊಳವೆಯ ಮೇಲೆ ಬಿತ್ತು,
ಚುಂಯ್ ಎಂದಿತು.
ಬಿಳಿ ಚುಕ್ಕೆಯೊಂದು ಉಳಿಯಿತು.
ಸಮುದ್ರ ಕಂಡಿದ್ದೀಯಾ ಅಂದರೆ
ಅಷ್ಟು ಕಂಡಿದ್ದೇನೆ.
ಒರೆಸಬೇಕಿತ್ತು, ಒರೆಸಲಿಲ್ಲ.
ಕಾರವಾರ ಮುಟ್ಟುವವರೆಗೆ ಅತ್ತೆ ಒಮ್ಮೆಯೂ ಕೆಮ್ಮಲಿಲ್ಲ.

ನಾನು ಊರಿಗೆ ಬಂದು ಗಿರಣಿ ಹಾಕಿದ ಮೂರನೇ ವರ್ಷ
ತಾವ್ಡೆ ಫೋನು ಮಾಡಿದ: ಮುಗೀತು ಕಣೋ ಕೆರೆ.
ಕೊನೆಯ ದಿನ ಉದ್ದನೆಯ ಪತಾಕೆ ಕಟ್ಟುತ್ತಾರೆ,
ದುಡಿದಷ್ಟೂ ಉದ್ದ.
ಇಪ್ಪತ್ತಮೂರು ವರ್ಷದ ಬಟ್ಟೆ
ಹಿಂಬದಿಯನ್ನೂ ದಾಟಿ ಇಳಿಬಿದ್ದು
ತುದಿ ನೀರಲ್ಲಿ ನೆನೆಯಿತಂತೆ.
ಸೂರ್ಯ ಮುಳುಗುವಾಗ ಇಳಿಸಿ, ಮಡಚಿ,
ಯಾರ ಕೈಗೆ ಕೊಟ್ಟರೋ ಅವನಿಗೂ ನೆನಪಿಲ್ಲ.
ಗುಜರಿಯವನು ಮರುದಿನವೇ ಟೇಪು ಹಿಡಿದು ಬಂದಿದ್ದನಂತೆ.

ಅತ್ತೆ? ಅಂದೆ.
ತಾವ್ಡೆ ನಕ್ಕ. ಆಮೇಲೆ ನಗಲಿಲ್ಲ.
ನಿಲ್ಲಿಸಿದರು, ನಿಲ್ಲಲಿಲ್ಲ.
ಎಣ್ಣೆ ಕಟ್ಟಿದ ಮೇಲೂ ನಾಲ್ಕು ನಿಮಿಷ.
ಸಾಹೇಬರು ಸೆಲ್ಯೂಟ್ ಹೊಡೆದ ಕೈ ಇಳಿಸುವುದೋ ಬೇಡವೋ
ತಿಳಿಯದೆ ಹಾಗೇ ನಿಂತಿದ್ದರು.

ಆಯ್ತೇನಣ್ಣ, ಅನ್ನುತ್ತಾಳೆ ಪುಟ್ಟಹೊನ್ನಮ್ಮ,
ಚೀಲದ ಬಾಯಿ ಮುದುರುತ್ತ.
ಪಟ್ಟಿ ನೆಲದ ಮೇಲೆ ಬಿದ್ದಿದೆ.
ಕಲ್ಲು ತನ್ನ ಭಾರಕ್ಕೆ ತಾನೇ ಇನ್ನೂ ತಿರುಗುತ್ತಿದೆ,
ಹಿಟ್ಟು ಬರುತ್ತಿದೆ, ತೆಳ್ಳಗೆ, ನೂಲಿನ ಹಾಗೆ.
ಎತ್ತಬೇಡ ತಾಯಿ,
ಹಿಡಿದಿರು.